ನಿಂತು ನಿಂತು ನೋಡುವವನು

ಎರ್ವಿನ್ ಮತ್ತೆ ನಿಂತ.

ಟ್ರಾಮ್ ಇಳಿದು ಬೀದಿಯ ಅರ್ಧವೂ ಸಾಗಿರಲಿಲ್ಲ. ಅಷ್ಟರಲ್ಲೇ ಕತ್ತೆತ್ತಿ, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಒಂದು ಬೂದು ಗೋಡೆಯನ್ನು ಕಣ್ಣು ಮಿಟುಕಿಸದೆ ನೋಡುತ್ತ ನಿಂತುಬಿಟ್ಟ. ನಲವತ್ತು ಚಿಲ್ಲರೆ ವರ್ಷ ಜೊತೆಗೆ ಬಾಳಿದೆ, ನನ್ನನ್ನು ಈ ಮನುಷ್ಯ ಒಂದು ದಿನವಾದರೂ ಹೀಗೆ ನೋಡಿದ್ದುಂಟೇ ಎಂದುಕೊಂಡಳು ಅವನ ಹೆಂಡತಿ.

"ನೋಡು ರೋಸಿ, ಆ ಬಾಲ್ಕನಿ ಮೂಲೆ ನೋಡು. ಹೇಗೆ ಗುಂಡಗೆ ತಿರುಗಿಸಿದಾರೆ!"

"ನೋಡ್ದೆ. ಗುಂಡಗಿದೆ. ನಡಿ."

"ಕೂಲಿ ಮಾಡೋರ ಮನೆಗೆ ಯಾರು ಇಷ್ಟು ತಲೆ ಕೆಡಿಸ್ಕೋತಾರೆ ಹೇಳು."

"ನೀನು ಕೆಡಿಸ್ಕೋತಿದೀಯಲ್ಲ, ಸಾಲದಾ? ಮಳೆ ಬರೋ ಹಾಗಿದೆ, ನಡಿ ಮಾರಾಯ!"

ಅವನು ನಡೆಯಲಿಲ್ಲ. ಬಾಲ್ಕನಿ ಮುಗಿಸಿ ಬಾಗಿಲಿಗೆ ಬಂದ, ಬಾಗಿಲು ಮುಗಿಸಿ ಅದರ ಮೇಲಿನ ದೀಪಕ್ಕೆ ಬಂದ. ಅದೂ ಮುಗಿದ ಮೇಲೆಯೇ ಹೆಜ್ಜೆ ಎತ್ತಿದ್ದು.

ಅವಳ ಪೂರ್ತಿ ಹೆಸರು ರೋಸ್ವಿತಾ ಮಾಲೆಚೆಕ್. ಎಲ್ಲರ ಬಾಯಲ್ಲೂ ರೋಸಿ. ಈ ಒಂದು ವರ್ಷದಲ್ಲಂತೂ ಹೆಸರಿಗೆ ತಕ್ಕ ಹಾಗೆ ರೋಸಿಹೋಗಿದ್ದಳು. ಅವಳು ಹುಟ್ಟಿದ್ದು ವಿಯೆನ್ನಾ ಪಾಲಿಕೆಯ ವಠಾರದಲ್ಲಿ, ಬೆಳೆದದ್ದೂ ಅಲ್ಲೇ, ಮದುವೆಯಾಗಿ ಗಂಡನನ್ನು ಕರೆತಂದು ಇಟ್ಟುಕೊಂಡದ್ದೂ ಅದೇ ವಠಾರದ ಅದೇ ಮನೆಯಲ್ಲಿ. ಹೊರದೇಶದ ಹುಡುಗ ಹುಡುಗಿಯರು ಕ್ಯಾಮೆರಾ ನೇತುಹಾಕಿಕೊಂಡು ಬಂದು ತಮ್ಮ ಅಂಗಳದ ಕಸದ ತೊಟ್ಟಿಯ ಫೋಟೋ ಹೊಡೆದುಕೊಂಡು ಹೋಗುವುದನ್ನು ಚಿಕ್ಕಂದಿನಿಂದ ಕಂಡವಳು ಅವಳು. ಪಾಪ, ಅವರ ಊರಲ್ಲಿ ಇಲ್ಲವೇನೋ, ನೋಡಿಕೊಳ್ಳಲಿ ಬಿಡು ಎನ್ನುತ್ತಿದ್ದಳು. ಆದರೆ ವಠಾರದಲ್ಲೇ ಇರುವವನು ಶನಿವಾರ ಶನಿವಾರ ಬೇರೆ ವಠಾರ ನೋಡಲು ಹೋಗುವುದೆಂದರೆ? ಮೀನು ನೀರು ನೋಡಲು ಹೊರಟ ಹಾಗಲ್ಲವೇ? ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಎರ್ವಿನ್‌ಗೆ ಎಪ್ಪತ್ತು ದಾಟಿ ಮೂರಾಗಿತ್ತು, ಸ್ವಲ್ಪ ತಡವಾಗಿಯೇ ಬಂದಿತ್ತು.

ಮೊದಲಿನಿಂದ ಇದ್ದ ಹುಚ್ಚಾಗಿದ್ದರೆ ಅವಳೂ ಸಹಿಸಿಕೊಳ್ಳುತ್ತಿದ್ದಳು. ಎರ್ವಿನ್ ಜೀವನವಿಡೀ ಟ್ರಾಮ್ ಓಡಿಸಿದವನು. ಈ ಊರಿನ ಹೆಸರಾದ ಕಟ್ಟಡಗಳ ಮುಂದೆಲ್ಲ ದಿನಕ್ಕೆ ಹತ್ತು ಸಲ ಹಾದುಹೋದವನು, ಒಮ್ಮೆಯೂ ಕತ್ತೆತ್ತಿದವನಲ್ಲ. ಏನು ಕಂಡೆ ಇವತ್ತು ಎಂದು ಕೇಳಿದರೆ "ಹಳಿ ಕಂಡೆ" ಅನ್ನುತ್ತಿದ್ದ. ಅಂಥವನು ಹೋದ ವರ್ಷ ಎಲೆ ಉದುರುವ ಹೊತ್ತಿಗೆ ಇದ್ದಕ್ಕಿದ್ದಂತೆ ಎರಡು ಕೆಲಸ ಮಾಡಿದ. ಒಂದು, ಸಿಗರೇಟು ಬಿಟ್ಟ. ಮೂವತ್ತು ವರ್ಷದ ತನ್ನ ಬೈಗುಳ ಕೊನೆಗೂ ಫಲ ಕೊಟ್ಟಿತೆಂದು ರೋಸಿ ವಠಾರಕ್ಕೆಲ್ಲ ಹೇಳಿಕೊಂಡು ಬಂದಳು. ಎರಡು, ಈ ಕಟ್ಟಡಗಳ ಹುಚ್ಚು ಹಿಡಿಸಿಕೊಂಡ. ಸಿಗರೇಟೇ ವಾಸಿಯಿತ್ತು ಎನ್ನಿಸಿತು ಅವಳಿಗೆ. ಸಿಗರೇಟು ಸೇದಲು ಅವನು ಅವಳನ್ನು ಜೊತೆಗೆ ಎಳೆದುಕೊಂಡು ಹೋಗುತ್ತಿರಲಿಲ್ಲ.

ಮೊದಲ ಶನಿವಾರ ಕಾರ್ಲ್ ಮಾರ್ಕ್ಸ್ ವಠಾರ. ಈ ತುದಿಯಿಂದ ಆ ತುದಿಗೆ ಕಿಲೋಮೀಟರಿಗೂ ಮೀರಿದ ಕಟ್ಟಡ. ಬಿರಬಿರನೆ ನಡೆದರೆ ಕಾಲು ಗಂಟೆಯ ಹಾದಿ, ಇವನು ಇಡೀ ಮಧ್ಯಾಹ್ನ ತೆಗೆದುಕೊಂಡ. ಪ್ರತಿ ಕಮಾನಿನ ಕೆಳಗೂ ನಿಲ್ಲುವುದು, ಕಮಾನಿನ ಮೇಲಿನ ಗೊಂಬೆಗಳನ್ನು ನೋಡುವುದು, "ಆಹಾ" ಎನ್ನುವುದು. ಆಮೇಲೆ ಬಿಳಿ ಬಿಳಿ ಪುಟ್ಟ ಮನೆಗಳ ಬಡಾವಣೆ. ಇಳಿಜಾರು ಸೂರಿಲ್ಲದ, ಸಕ್ಕರೆ ಡಬ್ಬಿಯಂಥ ಮನೆಗಳು. ಅಲ್ಲಿ ಪ್ರತಿ ಬೇಲಿಗೂ ಒಂದು ನಿಲುಗಡೆ. ಆಮೇಲೆ ಆಲ್ಟರ್‌ಲಾದ ಗೋಪುರಗಳು, ಮಾಳಿಗೆಯ ಮೇಲೆ ಈಜುಕೊಳ ಇರುವಂಥವು. ಅಲ್ಲಿ ಲಿಫ್ಟಿನಲ್ಲಿ ಮೇಲೆ ಹೋಗಿ ಕೆಳಗೆ ಬಂದು ಮತ್ತೆ ಮೇಲೆ ಹೋದ. ಲಿಫ್ಟಿನೊಳಗೆ ಮಾತ್ರ ಯಾವುದನ್ನೂ ನಿಂತು ನೋಡಲಿಲ್ಲ, ಸುಮ್ಮನೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ನಿದ್ದೆ ಬಂದರೆ ಮನೆಯಲ್ಲಿ ಮಲಗಬಾರದೇ ಎಂದು ಅಲ್ಲೂ ಜಗಳವಾಯಿತು.

ಇಷ್ಟೇ ಆಗಿದ್ದರೆ ಕಾಲು ನೋವೆಂದು ಮರೆತುಬಿಡುತ್ತಿದ್ದಳು. ಆದರೆ ಪ್ರತಿ ಸಲವೂ ವಾಪಸು ಬರುವಾಗ ಟ್ರಾಮಿನಲ್ಲಿ ಅವನು ಒಂದು ಮಾತು ಬಿಡುತ್ತಿದ್ದ, ಏನೂ ಅಲ್ಲವೆನ್ನುವ ಹಾಗೆ, ಕಿಟಕಿಯ ಕಡೆ ನೋಡುತ್ತ: "ಅಲ್ಲಿ ಇರೋದಾದ್ರೆ ಹೇಗಿರುತ್ತೆ, ರೋಸಿ?"

ಅಂದರೆ ವಿಷಯ ಮನೆಯದು. ಒಟ್ಟಾಕ್ರಿಂಗ್‌ನ ನಾಲ್ಕನೇ ಮಹಡಿಯ ಮನೆ. ಅವಳ ತಾಯಿಗೆ ಸಿಕ್ಕಿ, ತಾಯಿಯಿಂದ ಅವಳಿಗೆ ಬಂದ ಮನೆ. ಅವಳು ಹುಟ್ಟಿದ್ದು ಅದರ ಅಡುಗೆಮನೆಯಲ್ಲಿ, ಹೆರಿಗೆ ಆಸ್ಪತ್ರೆಯಲ್ಲಿ ಅಲ್ಲ. ಆ ಅಡುಗೆಮನೆಯ ಕಿಟಕಿಯಿಂದ ದ್ರಾಕ್ಷಿ ತೋಟದ ಗುಡ್ಡ ಕಾಣುತ್ತದೆ. ತಾಯಿ ಸಾಯುವ ಮುಂಚೆ ಹಾಸಿಗೆಯನ್ನು ಅಡುಗೆಮನೆಗೆ ಎಳೆಸಿಕೊಂಡು ಆ ಗುಡ್ಡ ನೋಡುತ್ತಲೇ ಕಣ್ಣು ಮುಚ್ಚಿದ್ದಳು. ಆ ಮನೆ ಬಿಟ್ಟು ಸಕ್ಕರೆ ಡಬ್ಬಿಯಲ್ಲಿ ಇರುವುದೇ? ರೋಸಿ ಅವತ್ತೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ನಾಲ್ಕು ಜನ ಹೊತ್ಕೊಂಡು ಹೋಗೋವಾಗ್ಲೇ ನಾನು ಆ ಮನೆ ಬಿಡೋದು. ಕೇಳಿಸ್ತಾ?"

"ಕೇಳಿಸ್ತು," ಎಂದಿದ್ದ ಎರ್ವಿನ್. ಮುಂದಿನ ಶನಿವಾರ ಮತ್ತೆ ಇನ್ನೊಂದು ವಠಾರ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸಂಸಾರ. ಅವನು ಪ್ರತಿ ಕಟ್ಟಡದಲ್ಲೂ ಒಂದು ಚೆಂದ ಹುಡುಕಿದ, ಅವಳು ಪ್ರತಿ ಕಟ್ಟಡದಲ್ಲೂ ಒಂದು ಹುಳುಕು ಹುಡುಕಿದಳು. ಅದು ಬಲು ಉದ್ದ, ಇದು ಬಲು ಎತ್ತರ, ಇಲ್ಲಿ ಗಾಳಿ ಜಾಸ್ತಿ, ಅಲ್ಲಿ ಜನ ಸರಿಯಿಲ್ಲ. ಈಜುಕೊಳ ಇದೆಯಲ್ಲ ಎಂದರೆ, ಈ ಮೈ ಇಟ್ಟುಕೊಂಡು ಈಜುಡುಗೆ ಹಾಕಿ ನಿಲ್ಲಲೇನು ಎಂದು ಬಾಯಿ ಮುಚ್ಚಿಸಿದಳು.

ಇವತ್ತಿನದು ಕೊನೆಯದೆಂದು ಆಣೆ ಮಾಡಿಸಿಯೇ ಹೊರಟಿದ್ದಳು. ಅದೂ ಎಲ್ಲಿಗೆ? ಫ್ಲೋರಿಡ್ಸ್‌ಡೋರ್ಫ್‌ಗೆ. ಡಾನ್ಯೂಬ್ ನದಿಯ ಆಚೆಗೆ! ಟ್ರಾಮ್ ಸೇತುವೆ ಹತ್ತಿದಾಗ ರೋಸಿ ಚೀಲ ಎದೆಗೊತ್ತಿಕೊಂಡು, "ಮೊದಲೇ ಹೇಳ್ಬಾರ್ದಾ, ಪಾಸ್‌ಪೋರ್ಟ್ ತರ್ತಿದ್ದೆ," ಎಂದಿದ್ದಳು. ಎದುರು ಕೂತ ಹೆಂಗಸು ನಕ್ಕಳು. ಎರ್ವಿನ್ ನಗಲಿಲ್ಲ, ಕೋಟಿನ ಗುಂಡಿ ತಿರುಗಿಸುತ್ತ ಕೂತಿದ್ದ. ಕೂದಲಿಗೆ ನೀರು ಹಚ್ಚಿ ಬಾಚಿದ್ದಾನೆ, ಗಡ್ಡ ಎರಡು ಸಲ ಹೆರೆದಿದ್ದಾನೆ. ಇದೇನು ಗೋಡೆ ನೋಡಲು ಇಷ್ಟು ಸಿಂಗಾರ ಎಂದು ಆಗಲೇ ಅನುಮಾನ ಬರಬೇಕಿತ್ತು ಅವಳಿಗೆ. ಬರಲಿಲ್ಲ.

ಹೈಡ್ಲಿಂಗರ್ ವಠಾರದ ಹೆಬ್ಬಾಗಿಲು ಮುಟ್ಟುವ ಹೊತ್ತಿಗೆ ಅವನು ಇನ್ನೂ ಎರಡು ಕಡೆ ನಿಂತಿದ್ದ. ಒಂದು ಕಡೆ ನೀರಿನ ಕೊಳವೆ, ಇನ್ನೊಂದು ಕಡೆ ಗೋಡೆಯ ಮೇಲಿನ ಕೆಂಪು ಅಕ್ಷರ. ಕಟ್ಟಿಸಿದ್ದು ಪಾಲಿಕೆ ಎಂದು ಸಾರುವ ಆ ಕೆಂಪು ಅಕ್ಷರ ಊರಿನ ಎಲ್ಲ ವಠಾರಗಳ ಮೇಲೂ ಇರುತ್ತದೆ, ಅವರದರ ಮೇಲೂ ಇದೆ. ಅದನ್ನೂ ಮೊದಲ ಸಲ ಕಂಡವನ ಹಾಗೆ ಬಾಯಿಬಿಟ್ಟು ಓದಿದ.

ಅಂಗಳದೊಳಗೆ ಹೋಗಿ ಅವನು ನೇರವಾಗಿ ಒಂದು ಬಾಗಿಲ ಮುಂದೆ ನಿಂತು ಗಂಟೆ ಒತ್ತಿದ.

"ಏಯ್, ಯಾರ ಮನೆ ಅದು?"

"ಫ್ರೌ ಯಾನಿಶ್ ಅಂತ."

"ಯಾರವಳು?"

ಎರ್ವಿನ್ ಕೆಮ್ಮಿದ. "ಸಿಟ್ಟಾಗ್ಬೇಡ. ಮನೆ ಅದಲುಬದಲು ಮಾಡ್ಕೊಳ್ಳೋಕೆ ನೋಡ್ತಿದಾರೆ. ನಮ್ಮದು ಅವರಿಗೆ, ಅವರದು ನಮಗೆ. ಪಾಲಿಕೆಯವರು ಒಪ್ತಾರಂತೆ. ಸುಮ್ನೆ ಒಂದ್ಸಲ ನೋಡು, ಅಷ್ಟೇ. ನೋಡೋದಕ್ಕೇನು."

ರೋಸಿಯ ದನಿ ಅಂಗಳದ ನಾಲ್ಕೂ ಗೋಡೆಗೆ ಬಡಿದು ಬಂತು. "ನನ್ನ ಅಮ್ಮನ ಮನೇನ ನನ್ನ ಬೆನ್ನ ಹಿಂದೆ ಹಂಚ್ತಿದೀಯಾ? ಒಂದು ವರ್ಷದಿಂದ ಬಾಲ್ಕನಿ, ಕಮಾನು, ಗೊಂಬೆ ಅಂತ ಊರೆಲ್ಲ ತಿರುಗಿಸಿದ್ದು ಇದಕ್ಕೇನಾ? ಕಳ್ಳ ಮುದುಕ!"

ಮೇಲಿನ ಒಂದು ಕಿಟಕಿ ತೆರೆದುಕೊಂಡಿತು. ಅಷ್ಟರಲ್ಲಿ ಎದುರಿನ ಬಾಗಿಲೂ ತೆರೆಯಿತು.

ಫ್ರೌ ಯಾನಿಶ್, ಅಂದರೆ ಶ್ರೀಮತಿ ಯಾನಿಶ್, ರೋಸಿಯ ವಯಸ್ಸಿನವಳೇ. ತೆಳ್ಳಗೆ, ಚುರುಕಾಗಿ, ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಬೈಗುಳವೆಲ್ಲ ಕೇಳಿಸಿತ್ತೆನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು.

"ಬನ್ನಿ ಬನ್ನಿ. ಕಾಫಿ ಇಟ್ಟಿದೀನಿ. ಜಗಳಕ್ಕೆ ಗಸಗಸೆ ಕೇಕು ಒಳ್ಳೇದು, ಬಾಯಿ ತುಂಬಿರುತ್ತೆ."

ಹೊರಗೆ ನಿಂತು ಬೈಯುವುದು ಬೇರೆ, ಪರರ ಮನೆಯ ಕೇಕನ್ನು ಬೇಡವೆನ್ನುವುದು ಬೇರೆ. ರೋಸಿ ತುಟಿ ಬಿಗಿದು ಒಳಗೆ ಹೋದಳು. ಹೊಸ್ತಿಲು ದಾಟುವುದೂ ಇಲ್ಲ, ಒಂದು ಮೆಟ್ಟಿಲೂ ಇಲ್ಲ, ಅಂಗಳದಿಂದ ಸೀದಾ ಅಡುಗೆಮನೆ. ಎರ್ವಿನ್ ಬಾಗಿಲಲ್ಲೇ ಟೋಪಿ ಕೈಯಲ್ಲಿ ಹಿಡಿದು, "ನಾನು ಸ್ವಲ್ಪ ಅಂಗಳ ನೋಡಿ ಬರ್ತೀನಿ," ಎಂದು ಜಾರಿಕೊಂಡ.

"ನೋಡು, ನೋಡು!" ಎಂದಳು ರೋಸಿ. "ಕಲ್ಲು ಕಲ್ಲೂ ಮುಟ್ಟಿ ನೋಡು!"

ಮನೆ ಚೊಕ್ಕಟವಾಗಿತ್ತು. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಕಿಟಕಿಯಲ್ಲಿ ಗುಡ್ಡವಿಲ್ಲ, ಅಂಗಳದ ಲಿಂಡನ್ ಮರ, ಒಂದು ಬೆಂಚು, ಕಾರ್ಪೆಟ್ ಬಡಿಯುವ ಕಬ್ಬಿಣದ ಕಂಬಿ. ಅಷ್ಟೇ.

"ನಾಲ್ಕನೇ ಮಹಡಿ ಅಂದ್ರು ನಿಮ್ಮೆಜಮಾನ್ರು," ಎಂದಳು ಫ್ರೌ ಯಾನಿಶ್ ಕಾಫಿ ಬಗ್ಗಿಸುತ್ತ. "ಬಿಸಿಲು ಬರುತ್ತಲ್ವಾ? ನನ್ನ ಮಗಳು ನಿಮ್ಮ ಪಕ್ಕದ ಬೀದೀಲೇ ಇರೋದು. ಇಲ್ಲಿ ಕೂತು ಹತ್ತು ವರ್ಷ ಹೋಗೋ ಬರೋರ ಬೂಟು ನೋಡಿ ನೋಡಿ ಸಾಕಾಯ್ತು ನನಗೆ. ಇನ್ನು ಆಕಾಶ ನೋಡ್ಬೇಕು."

"ಬೂಟು ನೋಡೋದರಲ್ಲಿ ತಪ್ಪೇನಿಲ್ಲ. ನಾನು ಬೂಟಿನಂಗಡೀಲೇ ಕೆಲಸ ಮಾಡಿದ್ದು," ಎಂದಳು ರೋಸಿ ಬಿಗುವಾಗಿ. "ನೋಡಿ ಫ್ರೌ ಯಾನಿಶ್, ನೀವು ಒಳ್ಳೆಯವರು, ಕೇಕೂ ಚೆನ್ನಾಗಿದೆ. ಆದ್ರೆ ನನ್ನ ಗಂಡನಿಗೆ ತಲೆ ಕೆಟ್ಟಿದೆ. ನಾನು ಮನೆ ಬಿಡೋದಿಲ್ಲ."

ಫ್ರೌ ಯಾನಿಶ್ ಕಿಟಕಿಯ ಆಚೆ ನೋಡುತ್ತಿದ್ದಳು. ಅಂಗಳದಲ್ಲಿ ಎರ್ವಿನ್ ನಡೆಯುತ್ತಿದ್ದ. ಲಿಂಡನ್ ಮರದವರೆಗೆ ಹೋದ, ನಿಂತ, ತಲೆಯೆತ್ತಿ ಕೊಂಬೆ ನೋಡಿದ. ಮತ್ತೆ ನಡೆದ. ಕಂಬಿಯ ಹತ್ತಿರ ನಿಂತ, ಅದನ್ನು ಹಿಡಿದುಕೊಂಡು ಎದುರಿನ ಗೋಡೆ ನೋಡಿದ.

"ಯಾವ ಕಾಲು?" ಎಂದಳು ಫ್ರೌ ಯಾನಿಶ್.

"ಏನು?"

"ಎಡಗಾಲಾ, ಬಲಗಾಲಾ? ನಮ್ಮೋರಿಗೆ ಬಲಗಾಲಿಂದ ಶುರುವಾಗಿದ್ದು. ನಿಮ್ಮವರು ಮರ ನೋಡ್ತಾರೆ, ನಮ್ಮೋರು ಮಾಂಸದಂಗಡಿ ನೋಡೋರು. ಎರಡು ವರ್ಷ ಅದೇ ಅಂಗಡಿ ಮುಂದೆ ದಿನಾ ನಿಂತಿದ್ದಾರೆ. ಅಂಗಡಿಯವನು ನನ್ನ ಹೆಂಡ್ತೀನ ನೋಡೋಕೆ ಬರ್ತಾನೆ ಈ ಮುದುಕ ಅಂತ ಗಲಾಟೆಗೇ ಬಂದಿದ್ದ!" ಅವಳು ನಕ್ಕಳು. ಆಮೇಲೆ ರೋಸಿಯ ಮುಖ ನೋಡಿ ನಗು ನಿಲ್ಲಿಸಿದಳು. "ಅಯ್ಯೋ. ನಿಮಗೆ ಗೊತ್ತಿಲ್ವಾ? ಅಂಗಡಿ ಕಿಟಕಿ ಕಾಯಿಲೆ ಅಲ್ವಾ ಅದು?"

ಅಂಗಡಿ ಕಿಟಕಿ ಕಾಯಿಲೆ. ಆ ಊರಿನಲ್ಲಿ ಡಾಕ್ಟರುಗಳ ಬಾಯಲ್ಲೂ ಅದಕ್ಕೆ ಅದೇ ಹೆಸರು. ಕಾಲಿನ ರಕ್ತನಾಳ ಕಟ್ಟಿಕೊಂಡವನಿಗೆ ಸ್ವಲ್ಪ ನಡೆದರೆ ಮೀನಖಂಡ ಹಿಂಡುತ್ತದೆ, ನಿಂತರೆ ನೋವು ಇಳಿಯುತ್ತದೆ. ಬೀದಿಯಲ್ಲಿ ಸುಮ್ಮನೆ ನಿಲ್ಲಲು ನಾಚಿಕೆ. ಆದ್ದರಿಂದ ಅಂಗಡಿಯ ಕಿಟಕಿ ಬಂದಲ್ಲೆಲ್ಲ ನಿಂತು, ಸಾಮಾನು ನೋಡುವವನ ಹಾಗೆ ನೋವು ಕಳೆಯುತ್ತಾನೆ. ರೋಸಿಗೆ ಆ ಹೆಸರು ಗೊತ್ತಿಲ್ಲದ್ದೇನಲ್ಲ. ಬೂಟಿನಂಗಡಿಯಲ್ಲಿ ಜನ್ಮವಿಡೀ ಮಂಡಿಯೂರಿ ಕಂಡವರ ಕಾಲಿಗೆಲ್ಲ ಬೂಟು ತೊಡಿಸಿದವಳು ಅವಳು. ಬಾಗಿಲಿಂದ ಕುರ್ಚಿಗೆ ನಡೆದು ಬರುವಷ್ಟರಲ್ಲಿ ಇವರಿಗೆ ಕಾಲು ನೋವು, ಅಗಲದ ಬೂಟು ತಾ ಎಂದು ಹುಡುಗಿಗೆ ಕೂಗಿ ಹೇಳುತ್ತಿದ್ದವಳು. ಊರವರ ಕಾಲೆಲ್ಲ ಕಂಡಿತು, ಗಂಡನ ಕಾಲು ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಕಾರ್ಲ್ ಮಾರ್ಕ್ಸ್ ವಠಾರದ ಕಮಾನುಗಳು ಒಂದೊಂದಾಗಿ ನೆನಪಾದವು. ಬೇಲಿಗಳು. ಲಿಫ್ಟಿನಲ್ಲಿ ಒರಗಿ ಮುಚ್ಚಿದ ಕಣ್ಣು. ಅವನಿಗೆ ಯಾವ ಗೊಂಬೆಯೂ ಬೇಕಿರಲಿಲ್ಲ.

"ನಿಮ್ಮವರು ಈಗ..." ಎಂದು ಕೇಳಹೊರಟಳು.

"ಹೋದ ಚಳಿಗಾಲದಲ್ಲಿ ತೀರ್ಕೊಂಡ್ರು. ಕಾಲಿಂದಲ್ಲ, ಹೃದಯ. ಕಾಲನ್ನ ಹತ್ತು ವರ್ಷದ ಹಿಂದೇನೇ ತೆಗೆದಿದ್ರು, ಮಂಡಿ ಮೇಲಿಂದ. ನಾವು ಆಗ ಮೂರನೇ ಮಹಡೀಲಿದ್ವಿ. ಕೆಳಗೆ ಮನೆ ಸಿಗೋ ಹೊತ್ತಿಗೆ ತಡವಾಗಿತ್ತು." ಫ್ರೌ ಯಾನಿಶ್ ಇನ್ನೊಂದು ತುಂಡು ಕೇಕು ತಟ್ಟೆಗಿಟ್ಟಳು. "ಇವತ್ತು ಸಂಜೆಯೊಳಗೆ ಹೇಳಿಬಿಡಿ, ಫ್ರೌ ಮಾಲೆಚೆಕ್. ಅವಸರ ಮಾಡ್ತಿದೀನಿ ಅಂದ್ಕೋಬೇಡಿ. ಇನ್ನೊಬ್ಬರು ಕೇಳ್ತಿದಾರೆ, ಅವರಿಗೆ ನಾಳೆ ಮಾತು ಕೊಡ್ಬೇಕು."

ರೋಸಿ ಕಾಫಿ ಮುಗಿಸಲಿಲ್ಲ. ಚೀಲ ಎತ್ತಿಕೊಂಡು ಅಂಗಳಕ್ಕೆ ಬಂದಳು. ಅಳು ಬರಬೇಕಿತ್ತು, ಬಂದದ್ದು ಸಿಟ್ಟು, ಆಗಿನದಕ್ಕಿಂತ ಹತ್ತು ಪಟ್ಟು.

ಎರ್ವಿನ್ ಬೆಂಚಿನ ಮೇಲೆ ಕೂತಿದ್ದ. ಅವಳನ್ನು ಕಂಡದ್ದೇ ಎದುರುಗೋಡೆಯತ್ತ ಕೈ ತೋರಿಸಿದ. "ಆ ಕಿಟಕಿ ಚೌಕಟ್ಟು ನೋಡಿದ್ಯಾ, ರೋಸಿ..."

"ಯಾವ ಕಾಲು?"

"ಆಂ?"

"ಗೋಡೆ ನೋಡ್ಬೇಡ, ನನ್ನ ನೋಡು. ಯಾವ ಕಾಲು?"

ಅವನ ಕೈ ಕೆಳಗಿಳಿಯಿತು. ಸ್ವಲ್ಪ ಹೊತ್ತು ಟೋಪಿಯ ಅಂಚು ತಿರುಗಿಸಿದ. "ಎಡಗಾಲು. ಈಗೀಗ ಬಲಗಾಲೂ ಒಂಚೂರು."

"ಡಾಕ್ಟರ್ ಹತ್ರ ಹೋಗಿದ್ಯಾ?"

"ಹೋದ ವರ್ಷವೇ ಹೋಗಿದ್ದೆ. ಸಿಗರೇಟು ಬಿಡಿ ಅಂದ್ರು, ಬಿಟ್ಟೆ. ನಡೀರಿ, ನೋವು ಬಂದ್ರೆ ನಿಲ್ಲಿ, ಹೋದ್ಮೇಲೆ ಮತ್ತೆ ನಡೀರಿ, ಅದೇ ಮದ್ದು ಅಂದ್ರು."

"ಸಿಗರೇಟು ಬಿಡಿಸಿದ್ದು ನಾನು!"

"ಹೂಂ. ನೀನೂ ಹೇಳಿದ್ದೆ."

"ವಠಾರಕ್ಕೆಲ್ಲ ಹೇಳ್ಕೊಂಡು ಬಂದಿದೀನಲ್ಲೋ ಪಾಪಿ!" ಅವಳು ಚೀಲವನ್ನು ಬೆಂಚಿನ ಮೇಲೆ ಕುಕ್ಕಿದಳು. "ನನಗೆ ಯಾಕೆ ಹೇಳ್ಲಿಲ್ಲ? ನಾನೇನು ದಾರೀಲಿ ಹೋಗೋಳಾ? ಒಂದು ವರ್ಷ! ಒಂದು ವರ್ಷ ನಿನಗೆ ಕಾಲು ಕೀಳ್ತಿತ್ತು, ನಾನು ಪಕ್ಕದಲ್ಲೇ ನಿಂತು ನಡಿ ನಡಿ ಅಂತ ಬೈತಿದ್ದೆ. ನನ್ನನ್ನ ಎಂಥ ರಾಕ್ಷಸಿ ಮಾಡ್ಬಿಟ್ಟೆ ನೀನು!"

"ಹೇಳಿದ್ರೆ ನೀನು ಮನೆ ಬಿಡ್ತಿದ್ದೆ."

"ಬಿಡ್ತಿದ್ದೆ! ಬಿಡ್ದೆ ಏನು ಮಾಡ್ಲಿ!"

"ಅದೇ. ನನಗೋಸ್ಕರ ಬಿಡ್ತಿದ್ದೆ. ಆಮೇಲೆ ಸಾಯೋವರೆಗೂ ಗುಡ್ಡ ಗುಡ್ಡ ಅಂತಿದ್ದೆ. ಬಾಯಲ್ಲಿ ಅನ್ನದಿದ್ರೂ ಕಿಟಕೀಲಿ ನಿಂತು ಅಂತಿದ್ದೆ." ಅವನು ನೆಲ ನೋಡುತ್ತ ಹೇಳಿದ. "ನಾಲ್ಕು ಜನ ಹೊತ್ಕೊಂಡು ಹೋಗೋವಾಗ ಅಂದ್ಯಲ್ಲ. ಅಂಥ ಮಾತು ಆಡಿದೋಳ ಹತ್ರ ಏನು ಕೇಳೋದು? ಅದಕ್ಕೇ ನಿನಗೇ ಎಲ್ಲಾದ್ರೂ ಒಂದು ಇಷ್ಟ ಆಗ್ಲಿ ಅಂತ ಊರಲ್ಲಿರೋದನ್ನೆಲ್ಲ ತೋರಿಸ್ದೆ. ಇದು ಚೆನ್ನಾಗಿದೆ, ಇಲ್ಲಿರೋಣ ಅಂತ ಒಂದ್ಸಲ ನಿನ್ನ ಬಾಯಿಂದ್ಲೇ ಬಂದಿದ್ರೆ ಸಾಕಾಗಿತ್ತು. ಒಂದೂ ಇಷ್ಟ ಆಗ್ಲಿಲ್ಲ ನಿನಗೆ."

ಮಳೆಯ ಎರಡು ಹನಿ ಬಿದ್ದವು. ಫ್ರೌ ಯಾನಿಶ್‌ಳ ಕಿಟಕಿಯ ಪರದೆ ಮೆಲ್ಲಗೆ ಅಲುಗಿ ಸುಮ್ಮನಾಯಿತು.

"ಮನೆ ಮಾತು ಈಗ ಎತ್ತಬೇಡ," ಎಂದಳು ರೋಸಿ. "ಎದ್ದೇಳು. ಮೆಲ್ಲಗೆ."

ಹೋಗುವಾಗ ಅವನು ನಿಲ್ಲುವ ಮೊದಲೇ ಅವಳು ನಿಂತಳು. ನೀರಿನ ಕೊಳವೆಯ ಹತ್ತಿರ ನಿಂತು, "ಹೇಳು, ಇದೇನು ವಿಶೇಷ?" ಎಂದು ಗದರಿದಳು. ಎರ್ವಿನ್, "ಕೊಳವೆ. ನೀರು ಹೋಗುತ್ತೆ," ಎಂದ. ಗುಂಡಗಿನ ಬಾಲ್ಕನಿಯ ಕೆಳಗೂ ನಿಂತರು. ನಿಜ ಹೇಳಬೇಕೆಂದರೆ ಬಾಲ್ಕನಿ ಚೆನ್ನಾಗಿಯೇ ಇತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ.

ಟ್ರಾಮಿನಲ್ಲಿ ರೋಸಿಯ ಕಣ್ಣ ಮುಂದೆ ಒಮ್ಮೆ ಗುಡ್ಡ ಬರುತ್ತಿತ್ತು, ಒಮ್ಮೆ ಮಂಡಿಯ ಮೇಲಿಂದ ತೆಗೆದ ಕಾಲು ಬರುತ್ತಿತ್ತು. ಮೊದಲೇ ಹೇಳಿದ್ದರೆ ಇಷ್ಟು ಹೊತ್ತಿಗೆ ತೀರ್ಮಾನ ಮಾಡಿ ಮುಗಿಸಿರುತ್ತಿದ್ದೆ, ಈಗ ಅಮ್ಮನ ಮನೆ ಬಿಡುವ ಮಾತನ್ನು ಸಂಜೆಯೊಳಗೆ ಹೇಳಬೇಕಂತೆ ಎಂದು ಒಳಗೊಳಗೇ ಕುದಿದಳು. ಪೂರ್ತಿ ಬಿಡುತ್ತೇನೆಂದು ಮನಸ್ಸು ಹೇಳಲಿಲ್ಲ. ಗುಡ್ಡ ಅಲ್ಲೇ ನಿಂತಿತ್ತು, ಕದಲಲಿಲ್ಲ.

ಒಟ್ಟಾಕ್ರಿಂಗ್‌ನ ಲಿಫ್ಟಿಲ್ಲದ ತಮ್ಮ ವಠಾರಕ್ಕೆ ಬಂದು ಮೆಟ್ಟಿಲ ಬುಡದಲ್ಲಿ ನಿಂತಾಗ ರೋಸಿಗೆ ಇನ್ನೊಂದು ಹೊಳೆಯಿತು. ಇಲ್ಲಿ ನೋಡಲು ಏನಿದೆ? ಕಬ್ಬಿಣದ ಕಟಾಂಜನ, ಬಿಳಿ ಗೋಡೆ. ಇಲ್ಲಿ ಈ ಮನುಷ್ಯ ಹೇಗೆ ಹತ್ತುತ್ತಿದ್ದ?

ಹೇಗೆಂದು ಗೊತ್ತಿತ್ತು ಅವಳಿಗೆ. ಅದರ ಮೇಲೂ ಎಷ್ಟು ಜಗಳವಾಗಿತ್ತು! ಮೊದಲನೇ ಮಹಡಿಯಲ್ಲಿ ಬೂಟಿನ ದಾರ ಕಟ್ಟುವುದು. ಎರಡನೇ ಮಹಡಿಯಲ್ಲಿ ಫ್ರೌ ಪ್ರಿಬಿಲ್‌ಳ ಬಾಗಿಲಲ್ಲಿ ನಿಂತು ಅವಳ ಹಳದಿ ಹಕ್ಕಿಯ ಯೋಗಕ್ಷೇಮ ವಿಚಾರಿಸುವುದು. ಪ್ರಿಬಿಲ್! ರೋಸಿ ಭಾನುವಾರ ಸದ್ದು ಮಾಡಿ ಕಾರ್ಪೆಟ್ ಬಡಿದಳೆಂದು ಪಾಲಿಕೆಗೆ ದೂರು ಕೊಟ್ಟ ಹೆಂಗಸು. ಅವತ್ತಿನಿಂದ ಇಪ್ಪತ್ತು ವರ್ಷ ಎರಡೂ ಮನೆಯವರು ಮೆಟ್ಟಿಲಲ್ಲಿ ಎದುರಾದರೆ ಮುಖ ಗೋಡೆಗೆ ತಿರುಗಿಸುತ್ತಿದ್ದರು. ಅಂಥವಳ ಜೊತೆ ಹೋದ ವರ್ಷದಿಂದ ಇವನಿಗೆ ಮಾತೇ ಮುಗಿಯದು. ಒಂದು ವಾರ ರೋಸಿಗೆ ಬೇರೆಯೇ ಅನುಮಾನ ಬಂದು, ಪ್ರಿಬಿಲ್‌ಗೆ ಮೀಸೆ ಇದೆ ಎನ್ನುವುದೊಂದೇ ಸಮಾಧಾನವಾಗಿತ್ತು.

ಮೊದಲ ಮಹಡಿಯಲ್ಲಿ ಎರ್ವಿನ್ ಬಗ್ಗಿ ದಾರ ಮುಟ್ಟಿದ. ಅಭ್ಯಾಸ. ರೋಸಿ ಸುಮ್ಮನೆ ಕಾದಳು. ಎರಡನೇ ಮಹಡಿಗೆ ಬಂದಾಗ ಅವನ ಮುಖ ಬೂದಿಯಾಗಿತ್ತು, ಕಟಾಂಜನ ಹಿಡಿದ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಮುಚ್ಚಿಟ್ಟುಕೊಳ್ಳುವ ಗೋಜಿಲ್ಲದೆ ನಿಂತದ್ದು ಇದೇ ಮೊದಲು.

ರೋಸಿ ಗಂಡನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಇಪ್ಪತ್ತು ವರ್ಷದ ಮುನಿಸನ್ನು ನುಂಗಿಕೊಂಡು ಪ್ರಿಬಿಲ್‌ಳ ಗಂಟೆ ಒತ್ತಿದಳು.

ಬಾಗಿಲು ತೆರೆದ ಫ್ರೌ ಪ್ರಿಬಿಲ್ ರೋಸಿಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಒಳಗೆ ಹಕ್ಕಿ ಕೂಗುತ್ತಿತ್ತು.

"ಫ್ರೌ ಪ್ರಿಬಿಲ್," ಎಂದಳು ರೋಸಿ. "ನಿಮ್ಮ ಹತ್ರ ಒಂದು ಕುರ್ಚಿ ಸಿಗುತ್ತಾ? ನನ್ನ ಗಂಡನಿಗೆ ಕಾಲು ನೋವು."

ಪ್ರಿಬಿಲ್ ಒಳಗೆ ಹೋಗಲಿಲ್ಲ. ಬಾಗಿಲ ಹಿಂದೆ ಕೈ ಚಾಚಿದಳು, ಒಂದು ಕುರ್ಚಿಯನ್ನು ಎಳೆದು ಹೊರಗೆ ಇಟ್ಟಳು. ಅದರ ಮೇಲೆ ಹೆಣೆದ ಮೆತ್ತೆಯೂ ಇತ್ತು.

"ಹೋದ ವರ್ಷದಿಂದ ಇಲ್ಲೇ ಇಟ್ಟಿದೀನಿ," ಎಂದಳು. "ಒಂದು ದಿನಾನೂ ಕೇಳ್ಲಿಲ್ಲ ನಿಮ್ಮವರು. ಹಕ್ಕಿ ಹೇಗಿದೆ, ಹಕ್ಕಿ ಹೇಗಿದೆ ಅಂತಿದ್ರು. ನಾನೇ ಕೊಟ್ರೆ ಮರ್ಯಾದೆಗೆ ಕಡಿಮೆ ಆಗುತ್ತೇನೋ ಅಂತ, ಅವರ ಮುಖಕ್ಕೆ ಬಣ್ಣ ಬರೋವರೆಗೂ ಹಕ್ಕಿ ಕಥೆ ಹೇಳ್ತಿದ್ದೆ. ನಿಜ ಹೇಳ್ಬೇಕಂದ್ರೆ ಆ ಹಕ್ಕಿಗೆ ಅಷ್ಟೊಂದು ಕಥೆ ಇಲ್ಲ, ಫ್ರೌ ಮಾಲೆಚೆಕ್."

ಎರ್ವಿನ್ ಕೂತ. ಕೂತದ್ದಲ್ಲ, ಕುಸಿದ. ಅವನ ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಲು ಈ ಸಲ ಯಾವ ಗೋಡೆಯನ್ನೂ ನೋಡಲಿಲ್ಲ.

ಎರಡನೇ ಮಹಡಿಯ ಶತ್ರುವಿಗೆ ಗೊತ್ತಿತ್ತು. ಒಂದೇ ಹಾಸಿಗೆಯಲ್ಲಿ ಮಲಗುವವಳಿಗೆ ಗೊತ್ತಿರಲಿಲ್ಲ. ರೋಸಿ ಚೀಲ ಕೆಳಗಿಟ್ಟು, ಕಟಾಂಜನ ಹಿಡಿದು, ತಣ್ಣನೆಯ ಕಲ್ಲಿನ ಮೇಲೆ ಮಂಡಿಯೂರಿದಳು. ಊರವರ ಮುಂದೆಲ್ಲ ಊರಿದ ಮಂಡಿ. ಅವನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ದಾರ ಬಿಚ್ಚಿದಳು, ಬೂಟು ತೆಗೆದಳು, ಕಾಲುಚೀಲ ಎಳೆದಳು. ಪಾದ ಎರಡೂ ಅಂಗೈಯೊಳಗೆ ಐಸಿನ ಹಾಗೆ ತಣ್ಣಗಿತ್ತು.

"ಏಳೇ, ಏನು ಮಾಡ್ತಿದೀಯ, ಯಾರಾದ್ರೂ ನೋಡ್ತಾರೆ," ಎಂದ ಎರ್ವಿನ್.

"ನೋಡ್ಲಿ. ಊರೆಲ್ಲ ನಿಂತು ನೋಡಿದ್ದಾಯ್ತಲ್ಲ ನೀನು. ಈಗ ಊರೇ ನಿಂತು ನಿನ್ನ ನೋಡ್ಲಿ." ಅವಳು ಪಾದ ಉಜ್ಜುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಫ್ರೌ ಪ್ರಿಬಿಲ್, ನಿಮ್ಮ ಫೋನ್ ಒಂದು ಕೊಡ್ತೀರಾ? ನದಿ ಆಚೆ ಒಬ್ಬರು ಕಾಯ್ತಿದಾರೆ. ಬನ್ನಿ, ಮನೆ ನಿಮ್ಮದು, ಬೆಳಿಗ್ಗೆ ಗುಡ್ಡ ಚೆನ್ನಾಗಿ ಕಾಣುತ್ತೆ ಅಂತ ಹೇಳ್ಬೇಕು."